ಸೈಲೆನ್ಸರಿನ ತುಕ್ಕು

ಒಳಗೆ ತುಕ್ಕು ಹಿಡಿದ ಹಿಟ್ಟಿನ ಡಬ್ಬಿ ಹೊರಗೆ ಚೆಂದವೇ ಕಾಣುತ್ತದೆ. ಬೆರಳಿಟ್ಟು ಒತ್ತಿದರೆ ಗುಟ್ಟು ಬಯಲು. ನಮ್ಮ ಹಳೆಯ ಮಾರುತಿಯ ಸೈಲೆನ್ಸರೂ ಹಾಗೆಯೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಸಂತೆಗೆ ಹೋಗಿಬರುವಷ್ಟು ಓಟಕ್ಕೆ ಕೊಳವೆ ಸರಿಯಾಗಿ ಕಾಯುವುದಿಲ್ಲ. ಆವಿ ಒಳಗೇ ನೀರಾಗಿ ನಿಂತು ತಗಡನ್ನು ತಿನ್ನುತ್ತದೆ.

ಮನ್ನಾಏಖೇಳ್ಳಿಯ ಹೆದ್ದಾರಿ ಬದಿಯ ಮೆಕ್ಯಾನಿಕ್ ಜೋಡಣೆಯ ಸುತ್ತ ಕಟ್ಟಿದ್ದ ಮಸಿ ತೋರಿಸಿ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದ. "ಗಟ್ಟಿ ಇದ್ರ ಠಣ್ ಅಂತದ್ರಿ ಅಕ್ಕಾರ. ಇದು ಬೊದ್ ಅಂತದ. ವೆಲ್ಡಿಂಗ್ ಹಚ್ಚಲೇನ್ರಿ?"

ಅಗ್ಗದ ದಾರಿ ಅದು. ಆದರೆ ಸೋರುವ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಂದಿನ ಸೀಟಿನ ಮಕ್ಕಳಿಗೆ ಅದು ನಿದ್ದೆಯಂತೆಯೇ ಬರುತ್ತದೆ. ಕೊಳವೆ, ಗ್ಯಾಸ್ಕೆಟ್, ತೂಗುಹಾಕುವ ರಬ್ಬರ್ ಎಲ್ಲವನ್ನೂ ಹೊಸದೇ ಹಾಕಿಸಿದೆ. ತೇಪೆ ಕೌದಿಗಿರಲಿ.