ಲಾಸ್ ಏಂಜಲೀಸಿನೊಳಗೊಂದು ಕೊರಿಯಾ

ಲಾಸ್ ಏಂಜಲೀಸ್ ಎಂದೊಡನೆ ಹಾಲಿವುಡ್ಡಿನ ತಾರೆಯರನ್ನು ನೆನೆಯುವವರೇ ಹೆಚ್ಚು. ಆದರೆ ಆ ಮಹಾನಗರದ ನಡುಪೇಟೆಯಿಂದ ಪಶ್ಚಿಮಕ್ಕೆ ಕೆಲವೇ ಮೈಲಿ ಸಾಗಿ, ವಿಲ್ಷೈರ್ ರಸ್ತೆಯ ಅಡಿಯಲ್ಲಿ ಓಡುವ ರೈಲಿನಿಂದಿಳಿದು ಮೆಟ್ಟಿಲೇರಿ ಬಂದವನಿಗೆ ಬೇರೊಂದು ದೇಶವೇ ಎದುರಾಗುತ್ತದೆ. ಗೆರೆ, ವೃತ್ತ, ಚೌಕಗಳನ್ನು ಪೇರಿಸಿಟ್ಟಂತೆ ಕಾಣುವ ಹಂಗುಲ್ ಲಿಪಿ ಅಂಗಡಿಗಳ ನೆತ್ತಿಯ ಮೇಲೆಲ್ಲ ಮೆರೆಯುತ್ತದೆ. ಕೆಂಡದ ಮೇಲೆ ಬೇಯುವ ಮಾಂಸದ ಹೊಗೆಯೂ ಹುಳಿಯೇರಿದ ಕಿಮ್ಚಿಯ ಘಾಟೂ ಬೆರೆತು ಮೂಗಿಗೆ ಬಡಿಯುತ್ತವೆ. ಇದೇ ಕೊರಿಯಾಟೌನ್. ಇಲ್ಲಿ ಮನೆಮಾಡಿರುವವರಲ್ಲಿ ಲ್ಯಾಟಿನ್ ಅಮೆರಿಕದ ಮೂಲದವರು ಬಹುಮಂದಿ ಇದ್ದಾರೆ. ಆದರೆ ಕೇರಿಗೆ ಹೆಸರೂ ಬಣ್ಣವೂ ಕೊರಿಯನ್ನರದು.

ಕನ್ನಡಿಗನಿಗೆ ಇಲ್ಲಿ ಇನ್ನೊಂದು ಅಚ್ಚರಿ ಕಾದಿದೆ. ರಸ್ತೆಯಲ್ಲಿ ಮಗುವೊಂದು “ಅಪ್ಪಾ” ಎಂದು ಕೂಗಿದರೆ ನಾವು ತಟ್ಟನೆ ತಿರುಗಿ ನೋಡುತ್ತೇವೆ. ಕೊರಿಯನ್ನರಿಗೂ ತಂದೆ ಅಪ್ಪನೇ, ತಾಯಿ ‘ಒಮ್ಮ’. ‘ನನ್ನ ತಾಯಿ’ ಎನ್ನದೆ ನಾವು ‘ನಮ್ಮಮ್ಮ’ ಎನ್ನುವಂತೆ ಅವರೂ ‘ಉರಿ ಒಮ್ಮ’ ಎನ್ನುತ್ತಾರೆ. ‘ಉರಿ’ ಎಂದರೆ ‘ನಮ್ಮ’.

ಕೊರಿಯನ್ನರ ಅಮೆರಿಕ ಯಾತ್ರೆ ಮೊದಲಾದುದು 1903ರ ಜನವರಿಯಲ್ಲಿ. ನೂರಕ್ಕೆ ಎರಡು ಮಂದಿ ಹೆಚ್ಚಿದ್ದ ಆ ಮೊದಲ ತಂಡ ಹವಾಯಿ ದ್ವೀಪದ ಕಬ್ಬಿನ ತೋಟಗಳಲ್ಲಿ ದುಡಿಯಲು ಬಂದಿತ್ತು. 1965ರ ವಲಸೆ ಕಾನೂನು ಏಷ್ಯದವರಿಗೆ ಬಾಗಿಲು ತೆರೆದ ಮೇಲೆ ಕುಟುಂಬಗಳು ಅಲೆಯಲೆಯಾಗಿ ಬಂದವು. ಊರಿನಲ್ಲಿ ಪದವಿ ಪಡೆದವರೂ ಇಲ್ಲಿ ದಿನಸಿ ಅಂಗಡಿ, ಬಟ್ಟೆ ಒಗೆಯುವ ಅಂಗಡಿ, ಮದ್ಯದಂಗಡಿಗಳನ್ನು ಹಿಡಿದು ಹಗಲಿರುಳೆನ್ನದೆ ದುಡಿದರು. 1992ರ ಏಪ್ರಿಲ್ 29ರಂದು, ರಾಡ್ನಿ ಕಿಂಗ್ ಎಂಬ ಕರಿಯನನ್ನು ಥಳಿಸಿದ ಪೊಲೀಸರು ಶಿಕ್ಷೆಯಿಲ್ಲದೆ ಪಾರಾದ ಸುದ್ದಿ ಹಬ್ಬಿ ನಗರ ಹೊತ್ತಿ ಉರಿಯಿತು. ಸುಲಿಗೆಗೋ ಬೆಂಕಿಗೋ ತುತ್ತಾದ ಕೊರಿಯನ್ನರ ಅಂಗಡಿಗಳು ಎರಡು ಸಾವಿರಕ್ಕೂ ಮಿಗಿಲು. ಅವರು ಆ ದಿನವನ್ನು ‘ಸಾ-ಇ-ಗು’ ಎನ್ನುತ್ತಾರೆ. ನಾಲ್ಕು-ಎರಡು-ಒಂಬತ್ತು ಎಂದಷ್ಟೇ ಅದರ ಅರ್ಥ.

ಬೆಂಕಿಯ ರೋಗ

ನಾವು ತಂಗಿದ್ದ ಮನೆಯ ಒಡತಿಯದೂ ಅಂಥದೊಂದು ಅಂಗಡಿಯಾಗಿತ್ತು. ಅಂಗಡಿ ಬೂದಿಯಾಯಿತು, ಪತಿ ಕೆಲವು ವರ್ಷಗಳಲ್ಲಿ ತೀರಿಕೊಂಡರು, ಆ ತಾಯಿ ಪರರ ಅಂಗಡಿಯಲ್ಲಿ ಇಸ್ತ್ರಿ ಹಾಕಿ ಮಗಳನ್ನು ಓದಿಸಿದರು. ಎಪ್ಪತ್ತರ ಅಂಚಿನಲ್ಲಿ ಅವರಿಗೆ ಎದೆಯಲ್ಲಿ ಉರಿ, ಗಂಟಲಲ್ಲಿ ಗಂಟು, ನಡುರಾತ್ರಿಯಲ್ಲಿ ಎದ್ದು ಕಿಟಕಿ ತೆರೆಯುವಷ್ಟು ಸೆಕೆ. ಹೃದಯ ಪರೀಕ್ಷಿಸಿದ ವೈದ್ಯರು ದೋಷವಿಲ್ಲವೆಂದರು.

ಈ ಉರಿಗೆ ಕೊರಿಯದಲ್ಲಿ ಹೆಸರಿದೆ: ‘ಹ್ವಾಬ್ಯೊಂಗ್’. ‘ಹ್ವಾ’ ಎಂದರೆ ಬೆಂಕಿ, ‘ಬ್ಯೊಂಗ್’ ಎಂದರೆ ರೋಗ. ವರ್ಷಗಟ್ಟಲೆ ನುಂಗಿಕೊಂಡ ಕೋಪ, ಅನ್ಯಾಯಗಳು ದೇಹದಲ್ಲಿ ಬೆಂಕಿಯಾಗಿ ಏಳುತ್ತವೆಂದು ಅವರ ನಂಬಿಕೆ. ಅಮೆರಿಕದ ಮನೋವೈದ್ಯರ ಸಂಘವು 1994ರ ತನ್ನ ರೋಗನಿರ್ಣಯ ಕೈಪಿಡಿಯ ಅನುಬಂಧದಲ್ಲಿ ಈ ಹೆಸರನ್ನು ಸೇರಿಸಿತ್ತು.

ಮಗಳು ಮೊದಲು ಇಂಗ್ಲಿಷ್ ಮಾತ್ರ ಬಲ್ಲ ಮನಶ್ಚಿಕಿತ್ಸಕರೊಬ್ಬರ ಬಳಿಗೆ ತಾಯಿಯನ್ನು ಕರೆದೊಯ್ದು, ತಾನೇ ದುಭಾಷಿಯಾಗಿ ಕುಳಿತಳು. ತಾಯಿ ‘ದಪ್‌ದಪ್’ ಎಂದರು: ಕಿಟಕಿಯಿಲ್ಲದ ಕೋಣೆಯಲ್ಲಿ ಉಸಿರು ಕಟ್ಟಿದಂತೆ, ಹೇಳಲಾರದ್ದು ಎದೆಗೆ ಅಡರಿದಂತೆ. ಮಗಳ ಬಾಯಲ್ಲಿ ಅದು ‘ಬೇಸರವಾಗಿದೆಯಂತೆ’ ಎಂದಾಯಿತು. ಅಲ್ಲದೆ, ಮಗಳಿಂದ ಮುಚ್ಚಿಟ್ಟ ನೋವನ್ನು ಮಗಳ ನಾಲಗೆಯಿಂದಲೇ ಹೇಳಿಸುವುದೆಂತು? ಎರಡು ಭೇಟಿಗಳಾದ ಮೇಲೆ ತಾಯಿ “ಇನ್ನು ಬೇಡ” ಎಂದುಬಿಟ್ಟರು.

ನುಡಿ ಬಲ್ಲವರ ಶೋಧ

ಇಂಥ ಸಂಕಟದಲ್ಲಿ ಅನೇಕ ಕೊರಿಯನ್ನರು ಮೊದಲು ಹೋಗುವುದು ತಮ್ಮ ಇಗರ್ಜಿಯ ಪಾದ್ರಿಯ ಬಳಿಗೆ. ಅದನ್ನು ದಾಟಿ ಹುಡುಕುವವರಿಗೆ ದಾರಿಗಳಿವೆ. 1975ರಲ್ಲಿ ಮೊದಲಾದ ಕೊರಿಯಾಟೌನ್ ಯುವಜನ ಮತ್ತು ಸಮುದಾಯ ಕೇಂದ್ರ, 1983ರಿಂದ ದುಡಿಯುತ್ತಿರುವ ಕೊರಿಯನ್ ಅಮೆರಿಕನ್ ಕುಟುಂಬ ಸೇವಾಸಂಸ್ಥೆ ಈ ಕೇರಿಯವೇ. ಚಿಕಿತ್ಸಕರ ಪಟ್ಟಿಗಳಲ್ಲಿ ಭಾಷೆಯನ್ನು ಆರಿಸಿ ಹುಡುಕಬಹುದು. ಸಿಕ್ಕ ಹೆಸರಿಗೆ ಪರವಾನಗಿ ಇದೆಯೇ ಎಂಬುದನ್ನು ರಾಜ್ಯದ ಮಂಡಳಿಯ ದಾಖಲೆಯಲ್ಲಿ ಯಾರು ಬೇಕಾದರೂ ನೋಡಬಹುದು. ಔಷಧ ಬರೆಯಬಲ್ಲ ಮನೋವೈದ್ಯರೇ ಬೇರೆ, ಮಾತಿನಿಂದ ಚಿಕಿತ್ಸೆ ನೀಡುವವರೇ ಬೇರೆ ಎಂಬುದನ್ನೂ, ವಿಮೆ ಎಷ್ಟನ್ನು ಭರಿಸುತ್ತದೆಂಬುದನ್ನೂ ಮೊದಲೇ ತಿಳಿಯುವುದು ಜಾಣತನ.

ಆದರೆ ‘ಕೊರಿಯನ್ ಬಲ್ಲೆ’ ಎಂಬ ಮಾತಿಗೆ ಹಲವು ಅರ್ಥಗಳುಂಟು. ಅಮೆರಿಕದಲ್ಲೇ ಬೆಳೆದ ಚಿಕಿತ್ಸಕರಿಗೆ ಅಡುಗೆಮನೆಯ ಕೊರಿಯನ್ ಬಂದೀತು. ದುಃಖದ ಕೊರಿಯನ್ ಬಾರದಿರಬಹುದು. ಆ ಭಾಷೆಯಲ್ಲಿ ಹಿರಿಯರೊಡನೆ ಆಡುವ ಕ್ರಿಯಾಪದದ ತುದಿಯೇ ಬೇರೆ, ಕಿರಿಯರೊಡನೆ ಆಡುವುದೇ ಬೇರೆ. ನಮ್ಮಲ್ಲಿ ಅಜ್ಜಿಯನ್ನು ಅಪರಿಚಿತ ತರುಣನೊಬ್ಬ ಏಕವಚನದಲ್ಲಿ ಕರೆದರೆ ಹೇಗೋ ಹಾಗೆ, ಅಲ್ಲಿ ತುದಿ ತಪ್ಪಿದರೆ ಮಾತು ಮುಂದುವರಿಯದು. ಮಗಳು ಆರಿಸಿದ ಚಿಕಿತ್ಸಕಿ ಸಿಯೋಲಿನಲ್ಲಿ ಬೆಳೆದು ಇಲ್ಲಿ ವ್ಯಾಸಂಗ ಮಾಡಿದವರು. ತಾಯಿ ಆಕೆಯನ್ನು ‘ಸೊನ್‌ಸೆಂಗ್‌ನಿಮ್’, ಎಂದರೆ ‘ಗುರುಗಳೇ’ ಎನ್ನುತ್ತಾರೆ. ವಯಸ್ಸಿನಲ್ಲಿ ಆಕೆ ಮಗಳಿಗಿಂತ ಕಿರಿಯಳು!

ಕಾರಿನೊಳಗಿನ ಐವತ್ತು ನಿಮಿಷ

ಚಿಕಿತ್ಸಾಲಯಕ್ಕೆ ಹೋಗಲು ತಾಯಿ ಒಪ್ಪಲಿಲ್ಲ. ಒಂದೇ ಇಗರ್ಜಿ, ಒಂದೇ ಸಂತೆ, ಒಂದೇ ಸ್ನಾನಗೃಹದ ಕೇರಿಯಲ್ಲಿ, ಕಾಯುವ ಕೋಣೆಯಲ್ಲಿ ಪರಿಚಿತರ ಕಣ್ಣಿಗೆ ಬಿದ್ದರೆ ಮಗಳ ಮದುವೆಗೂ ಮಾತು ಬಂದೀತೆಂಬ ಭಯ. ಆದುದರಿಂದ ಆನ್‌ಲೈನ್ ಚಿಕಿತ್ಸೆಯ ಮೊರೆಹೊಕ್ಕರು. 2020ರ ಮಹಾಮಾರಿಯ ಕಾಲದಲ್ಲಿ ರೂಢಿಗೆ ಬಂದ ಈ ವಿಧಾನಕ್ಕೊಂದು ಕಟ್ಟಳೆಯಿದೆ: ರೋಗಿ ಯಾವ ರಾಜ್ಯದಲ್ಲಿ ಕುಳಿತಿರುವರೋ ಆ ರಾಜ್ಯದಲ್ಲಿ ಚಿಕಿತ್ಸೆ ನೀಡುವ ಅಧಿಕಾರ ಚಿಕಿತ್ಸಕರಿಗಿರಬೇಕು. ಸಿಯೋಲಿನ ತಜ್ಞರು ತೆರೆಯ ಮೇಲೆ ಎಷ್ಟು ಹತ್ತಿರ ಕಂಡರೂ ಕಾಲಿಫೋರ್ನಿಯದ ಪರವಾನಗಿಯಿಲ್ಲದೆ ಪ್ರಯೋಜನವಿಲ್ಲ. ಅದೇ ರಾಜ್ಯದ ಮುನ್ನೂರು ಮೈಲಿ ದೂರದವರಾದರೆ ಅಡ್ಡಿಯಿಲ್ಲ.

ಮನೆಯ ಗೋಡೆಗಳು ತೆಳುವು. ಹೀಗಾಗಿ ಪ್ರತಿ ಬುಧವಾರ ಸಂಜೆ ಆ ತಾಯಿ ನೆಲಮಾಳಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಹೋಗಿ, ಬಾಗಿಲು ಭದ್ರಪಡಿಸಿ, ಫೋನನ್ನು ಚಕ್ರಕ್ಕೆ ಒರಗಿಸಿ ಕೂರುತ್ತಾರೆ. ಚಿಕಿತ್ಸಕಿಯ ಮೊದಲ ಪ್ರಶ್ನೆ ಪ್ರತಿವಾರವೂ ಒಂದೇ: “ಈಗ ತಾವು ಎಲ್ಲಿದ್ದೀರಿ?” ಇದು ಬರಿಯ ಉಪಚಾರದ ಮಾತಲ್ಲ. ಕಾನೂನಿಗೆ ಉತ್ತರ ಬೇಕು. ಆಪತ್ತು ಒದಗಿದರೆ ನೆರವನ್ನು ಯಾವ ವಿಳಾಸಕ್ಕೆ ಕಳುಹಿಸಬೇಕೆಂದೂ ತಿಳಿದಿರಬೇಕು. ಪ್ರಾಣಕ್ಕೇ ಎರವಾಗುವ ಯೋಚನೆ ಬಂದಾಗ ವಾರಕ್ಕೊಮ್ಮೆಯ ತೆರೆ ಸಾಲದು. ಅಂಥ ಗಳಿಗೆಗೆಂದು 2022ರ ಜುಲೈಯಿಂದ ಅಮೆರಿಕದಾದ್ಯಂತ 988 ಎಂಬ ಸಂಖ್ಯೆಯಿದೆ. ದುಭಾಷಿಯ ನೆರವನ್ನೂ ಅಲ್ಲಿ ಕೇಳಬಹುದು.

ಉರಿ ಪೂರ್ತಿ ಆರಿತೇ ಎಂದು ಮಗಳನ್ನು ಕೇಳಿದೆವು. “ಇಲ್ಲ. ಆದರೆ ಕಿಟಕಿ ತೆರೆಯುವ ರಾತ್ರಿಗಳು ಕಡಿಮೆಯಾಗಿವೆ” ಎಂದಳು. ಅಂಗಡಿ ಉರಿದ ಆ ರಾತ್ರಿ ಏನಾಯಿತೆಂಬುದನ್ನು ತಾಯಿ ಈಗ ಆದ್ಯಂತವಾಗಿ ಹೇಳಿದ್ದಾರಂತೆ. ಏನು ಹೇಳಿದರೆಂದು ಮಗಳಿಗೆ ಗೊತ್ತಿಲ್ಲ. ಆಕೆ ಕೇಳುವುದೂ ಇಲ್ಲ. ಐವತ್ತು ನಿಮಿಷಗಳಾದ ಮೇಲೆ ತಾಯಿ ಮೇಲೆ ಬಂದು, ಕಣ್ಣೊರೆಸಿಕೊಂಡು, ಮಗಳಿಗೆ ಕೇಳುವುದು ಒಂದೇ ಮಾತು. ಅದನ್ನು ನಮಗೆ ಯಾರೂ ಅನುವಾದಿಸಿ ಹೇಳಬೇಕಾಗಲಿಲ್ಲ: “ಊಟವಾಯಿತೆ?”