ಪುಟದಂಚಿನ ಎರಡು ಪದ

ಜರ್ಮನಿಯ ಬ್ರೆಮರ್‌ಹಾಫೆನ್‌ನ ಆ ಕತ್ತಲ ಕೋಣೆಗೆ ಕಾಲಿಟ್ಟಾಗ ಮೈ ಜುಮ್ಮೆಂದಿತು. ಮಂದ ಬೆಳಕು, ನೀರು ಬಡಿಯುವ ಸದ್ದು, ಎದುರಿಗೆ ಗೋಡೆಯಂತೆ ನಿಂತ ಹಡಗಿನ ಒಡಲು. ಕಟ್ಟೆಯ ಮೇಲೆ ಗಂಟುಮೂಟೆಗಳ ನಡುವೆ ಹಳೆಯ ಕಾಲದ ಉಡುಪು ತೊಟ್ಟ ಆಳೆತ್ತರದ ಗೊಂಬೆಗಳು, ಹಡಗು ಹತ್ತಲು ಕಾದು ನಿಂತಿವೆ. ಗೊಂಬೆಗಳೆಂದು ಗೊತ್ತಿದ್ದೂ ನಾವು ದನಿ ತಗ್ಗಿಸಿದೆವು.

ಇದು ವಲಸೆ ಹೋದವರ ವಸ್ತುಸಂಗ್ರಹಾಲಯ. ವೇಸರ್ ನದಿ ಕಡಲು ಸೇರುವಲ್ಲಿ ಬ್ರೆಮೆನ್ ನಗರ 1827ರಲ್ಲಿ ಕಟ್ಟಿಸಲು ತೊಡಗಿದ ಈ ಬಂದರಿನಿಂದ, 1830ರಿಂದ 1974ರವರೆಗೆ 70 ಲಕ್ಷಕ್ಕೂ ಹೆಚ್ಚು ಜನ ಹೊಸ ನೆಲ ಹುಡುಕಿ ಹೊರಟರು. ಜರ್ಮನರಷ್ಟೇ ಅಲ್ಲ, ಪೂರ್ವ ಯುರೋಪಿನವರೂ.

ನನ್ನ ಜೊತೆಗಿದ್ದ ಅಮೆರಿಕದ ಗೆಳೆಯನ ಮುತ್ತಜ್ಜನ ತಂದೆ ಅವರಲ್ಲೊಬ್ಬ. ಅವನ ಊರು ಯಾವುದು? 1860ರ ಅಮೆರಿಕದ ಜನಗಣತಿ ‘ಹ್ಯಾನೋವರ್’ ಎನ್ನುತ್ತದೆ, 1870ರದ್ದು ‘ಪ್ರಶ್ಯಾ’ ಎನ್ನುತ್ತದೆ. ಎರಡೂ ಸುಳ್ಳಲ್ಲ. ಹ್ಯಾನೋವರ್ ರಾಜ್ಯವನ್ನು 1866ರಲ್ಲಿ ಪ್ರಶ್ಯಾ ನುಂಗಿಹಾಕಿತ್ತು. ಜರ್ಮನಿ ಒಂದು ದೇಶವಾಗಿದ್ದೇ 1871ರಲ್ಲಿ. ಊರಿನ ಹೆಸರು ಮಾತ್ರ ಎರಡರಲ್ಲೂ ಇಲ್ಲ.

ಹಡಗಿನ ಪಟ್ಟಿಯಲ್ಲಿ ಇರಬೇಕಲ್ಲ? ಹ್ಯಾಂಬರ್ಗ್ ಬಂದರಿನ 1850ರಿಂದ 1934ರವರೆಗಿನ ಪಟ್ಟಿಗಳು ಬಹುಮಟ್ಟಿಗೆ ಉಳಿದಿವೆ, ಹೆಚ್ಚಿನವುಗಳಲ್ಲಿ ಪ್ರಯಾಣಿಕರ ಊರೂ ಇದೆ. ಬ್ರೆಮೆನ್‌ನವರೂ 1832ರಿಂದ ಬರೆಸುತ್ತಿದ್ದರು. ಆದರೆ ಇಡಲು ಜಾಗವಿಲ್ಲವೆಂದು ಹಳೆಯ ಪಟ್ಟಿಗಳನ್ನು ನಾಶಮಾಡಿದರು. ಮಿಕ್ಕವುಗಳಲ್ಲಿ ಬಹುಪಾಲು ಎರಡನೇ ಮಹಾಯುದ್ಧದಲ್ಲಿ ಹೋದವು. ಜಾಗವಿಲ್ಲವೆಂದು! ಆ ಮಾತು ಕೇಳಿ ಹೊಟ್ಟೆ ಉರಿಯಿತು.

ಕೊನೆಗೆ ದಾರಿ ತೋರಿದ್ದು ಅಮೆರಿಕದ ಪುಟ್ಟ ಲೂಥರನ್ ಚರ್ಚಿನ ಮದುವೆ ರಿಜಿಸ್ಟರು. ಅಲ್ಲಿಯ ಪಾದ್ರಿ ವರನ ಹೆಸರಿನ ಮುಂದೆ ಹಳ್ಳಿಯ ಹೆಸರನ್ನೂ ಬರೆದಿದ್ದರು. ಅದನ್ನು ಹಿಡಿದು ರೈಲಿನಲ್ಲಿ ಓಸ್ನಾಬ್ರುಕ್‌ಗೆ ಹೋದೆವು, ಅಲ್ಲಿಂದ ಬಸ್ಸಿನಲ್ಲಿ ಹಳ್ಳಿಗೆ.

ಚರ್ಚಿನ ಕಚೇರಿಯಲ್ಲಿದ್ದ ಹಿರಿಯ ಮಹಿಳೆ ದಪ್ಪ ಹೊತ್ತಿಗೆಯೊಂದನ್ನು ಎರಡೂ ಕೈಯಲ್ಲಿ ತಂದು ಮೇಜಿನ ಮೇಲಿಟ್ಟರು. ಮೊನಚು ಮೊನಚಾದ ಹಳೆಯ ಕುರೆಂಟ್ ಬರವಣಿಗೆ, ಇಂದಿನ ಜರ್ಮನರಿಗೂ ಸಲೀಸಾಗಿ ಓದಲು ಬಾರದು. ಸಾಲಿನ ಕೆಳಗೆ ಕಾಗದದ ಪಟ್ಟಿ ಇಟ್ಟು ಅವರು ಮೆಲ್ಲಗೆ ಓದುತ್ತಾ ಹೋದರು: ಮಗುವಿನ ಹೆಸರು, ಅಪ್ಪ, ಅಮ್ಮ, ದೀಕ್ಷಾಸ್ನಾನದ ದಿನ. ಮನೆ ಬಾಗಿಲಲ್ಲಿ ನಿಂತು ವಂಶಾವಳಿ ಹೇಳುವ ನಮ್ಮ ಹೆಳವರು ನೆನಪಾದರು. ಪುಟದ ಅಂಚಿಗೆ ಬಂದಾಗ ಆಕೆಯ ದನಿ ನಿಂತಿತು. ಅಲ್ಲಿ ಬೇರೆ ಶಾಯಿಯಲ್ಲಿ ಎರಡೇ ಪದ: ‘ನಾಖ್ ಅಮೆರಿಕಾ’. ಅಮೆರಿಕಕ್ಕೆ.

ಗೆಳೆಯ ಬಹಳ ಹೊತ್ತು ಆ ಪುಟವನ್ನೇ ನೋಡುತ್ತಾ ಕೂತ. ಬಿಟ್ಟುಹೋದ ಮಗನ ಲೆಕ್ಕವನ್ನು ಆ ಊರು ಬಿಟ್ಟಿರಲಿಲ್ಲ.

ರಾಜ್ಯಗಳ ಹೆಸರು ಬದಲಾಗುತ್ತವೆ, ಗಡಿಗಳು ಸರಿಯುತ್ತವೆ. ನಿಮ್ಮ ಹಿರಿಯರು ಎಲ್ಲಿಂದ ಬಂದವರೆಂದು ಮಕ್ಕಳಿಗೆ ಬರೆದಿಡುವಾಗ, ದಯವಿಟ್ಟು ಊರಿನ ಹೆಸರನ್ನೇ ಬರೆಯಿರಿ.