ಗೊಂಬೆಗಳ ಜೊತೆ ಶೆಂಗೆನ್ ಬಾಗಿಲಿಗೆ

ಯೂರೋಪಿನ ಲಕ್ಸೆಂಬರ್ಗ್ ಎಂಬ ಪುಟ್ಟ ದೇಶದಲ್ಲಿ, ಮೊಸೆಲ್ ನದಿಯ ದಂಡೆಯ ಮೇಲೆ ಶೆಂಗೆನ್ ಅಂತ ಒಂದು ಹಳ್ಳಿ. ಸುತ್ತ ದ್ರಾಕ್ಷಿ ತೋಟ, ಎದುರು ದಡದಲ್ಲಿ ಜರ್ಮನಿ, ಪಕ್ಕದಲ್ಲೇ ಫ್ರಾನ್ಸ್. 1985ರ ಜೂನ್ 14ರಂದು ಐದು ದೇಶಗಳವರು ಅಲ್ಲಿ ಹಡಗೊಂದರಲ್ಲಿ ಕೂತು, ನಮ್ಮ ನಮ್ಮ ಗಡಿಗಳಲ್ಲಿ ಇನ್ನು ತಪಾಸಣೆ ಬೇಡ ಎಂದು ಸಹಿ ಹಾಕಿದರು. ಈಗ ಆ ಗುಂಪಿನಲ್ಲಿ 29 ದೇಶಗಳಿವೆ. ಒಂದು ದೇಶ ಕೊಟ್ಟ ಶೆಂಗೆನ್ ವೀಸಾ ಸಾಮಾನ್ಯವಾಗಿ ಉಳಿದವುಗಳಿಗೂ ನಡೆಯುತ್ತದೆ. ಆ ಹಳ್ಳಿಯನ್ನು ನಾನು ಕಂಡಿಲ್ಲ. ಅದರ ಹೆಸರಿನ ಚೀಟಿಗಾಗಿ ಮಾತ್ರ ಸಾಕಷ್ಟು ಅಲೆದಿದ್ದೇನೆ.

ನಮ್ಮೂರು ಚನ್ನಪಟ್ಟಣ. ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಅದು ಗಿರ್ರನೆ ತಿರುಗುವಾಗ ಬಣ್ಣದ ಅರಗನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ನಮ್ಮ ಸಣ್ಣ ಕಾರ್ಖಾನೆಯಲ್ಲಿ ಹನ್ನೊಂದು ಜನ. ಆ ವರ್ಷ ಆರ್ಡರ್ ಇಲ್ಲದೆ ಲೇತುಗಳು ವಾರದಲ್ಲಿ ಮೂರು ದಿನ ನಿಂತೇ ಇರುತ್ತಿದ್ದವು. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ 1950ರಿಂದ ದೊಡ್ಡ ಆಟಿಕೆ ಮೇಳ ನಡೆಯುತ್ತಿದೆ. 2025ರ ಮೇಳ ಜನವರಿ 28ರಿಂದ ಫೆಬ್ರವರಿ 1ರವರೆಗೆ, ಐದೇ ದಿನ. ಅಲ್ಲೊಂದು ಮಳಿಗೆಯ ಮೂಲೆ ಸಿಕ್ಕಿತು, ಹಣವನ್ನೂ ಕಟ್ಟಿದೆವು. ಹೋಗಬೇಕಾದವರು ನಾನು ಮತ್ತು ನಮ್ಮ ಹಿರಿಯ ಕುಶಲಕರ್ಮಿ, ನನ್ನ ಸೋದರಮಾವ.

ಪಾಸ್‌ಪೋರ್ಟ್ ಇದ್ದರೆ ಸಾಲದೇ ಎಂದು ಮಾವನ ಮೊಮ್ಮಗಳು ಕೇಳಿದಳು. ಪಾಸ್‌ಪೋರ್ಟ್ ಕೊಡುವುದು ನಮ್ಮ ಸರ್ಕಾರ: ಈತ ನಮ್ಮವನು ಅಂತ. ವೀಸಾ ಕೊಡುವುದು ಅವರ ಸರ್ಕಾರ: ಈತ ಬರಬಹುದು ಅಂತ. ಬಿಸಿನೆಸ್ ವೀಸಾದಲ್ಲಿ ವ್ಯಾಪಾರದ ಮಾತುಕತೆ ಆಡಬಹುದು, ಮೇಳಕ್ಕೆ ಹೋಗಬಹುದು. ಸಂಬಳಕ್ಕೆ ಕೆಲಸಕ್ಕೆ ಸೇರುವ ಹಾಗಿಲ್ಲ. 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ. ಬಂದ ಕೆಲಸ ಮುಗಿದ ಮೇಲೆ ಊರಿಗೆ ವಾಪಸ್.

ಕೇಳುವ ಕಾಗದಗಳೆಲ್ಲ ಸುತ್ತಿ ಬಳಸಿ ಅದಕ್ಕೇ. ಮೇಳದವರ ಆಹ್ವಾನ ಪತ್ರ: ಯಾರು ಕರೆದರು? ಹೋಟೆಲ್ ಬುಕಿಂಗ್: ಎಲ್ಲಿ ಮಲಗುತ್ತೀರಿ? ಬ್ಯಾಂಕಿನ ಲೆಕ್ಕ: ಊಟಕ್ಕೆ ಹಣ ಇದೆಯೇ? ಕಾಯಿಲೆ ಬಿದ್ದರೆಂದು ಕನಿಷ್ಠ 30,000 ಯೂರೋ ವಿಮೆ. ತೆರಿಗೆ ಕಾಗದ, ಕಾರ್ಖಾನೆಯ ನೋಂದಣಿ: ಹಿಂದೆ ಬರಲು ಊರಲ್ಲಿ ಏನಿದೆ? "ಹೆಣ್ಣು ನೋಡೋಕೆ ಹೋದಾಗ್ಲೂ ಇಷ್ಟು ಕೇಳಿರಲಿಲ್ಲ ಕಣವ್ವ" ಎಂದರು ಮಾವ. ಫೋಟೋ 35 ಮಿಲಿಮೀಟರ್ ಅಗಲ, 45 ಎತ್ತರ, ನಗಬಾರದು. ಮಾವನಿಗೆ ಅದೊಂದು ಸುಲಭವಾಯಿತು.

ಡಿಸೆಂಬರ್ 18ರ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿನ ಅರ್ಜಿ ಕೇಂದ್ರಕ್ಕೆ ಹೋದೆವು. ಅರ್ಜಿ ತೆಗೆದುಕೊಳ್ಳುವುದಷ್ಟೇ ಅವರ ಕೆಲಸ, ತೀರ್ಮಾನ ದೂತಾವಾಸದವರದು. ತಲೆಗೆ 90 ಯೂರೋ ಶುಲ್ಕ. ಆಮೇಲೆ ಬೆರಳಚ್ಚು. ಬಲಗೈಯ ನಾಲ್ಕು, ಎಡಗೈಯ ನಾಲ್ಕು, ಕೊನೆಗೆ ಎರಡು ಹೆಬ್ಬೆರಳು. (ಹನ್ನೆರಡು ತುಂಬದ ಮಕ್ಕಳಿಗೆ ಇದಿಲ್ಲ.) ನನ್ನದು ನಿಮಿಷದಲ್ಲಿ ಮುಗಿಯಿತು. ಮಾವನ ಬೆರಳನ್ನು ಯಂತ್ರ ಒಪ್ಪಲಿಲ್ಲ. ನಲವತ್ತು ವರ್ಷ ಬಿಸಿ ಅರಗು ಒತ್ತಿದ ಬೆರಳು ಅವು. ಗೆರೆಗಳೆಲ್ಲ ಸವೆದು ತುದಿ ನುಣ್ಣಗಾಗಿದೆ. ರೇಷನ್ ಅಂಗಡಿಯಲ್ಲೂ ಇದೇ ಗೋಳು. ಮತ್ತೆ ಒತ್ತಿ ಅಂದರು. ಮತ್ತೆ ಕೆಂಪು ದೀಪ. ಹಿಂದಿನ ಸಾಲಿನವರು ಗಡಿಯಾರ ನೋಡತೊಡಗಿದರು. ಮಾವ ಕೈಯನ್ನು ಪಂಚೆಗೆ ಒರೆಸಿಕೊಂಡು, "ಗೊಂಬೆ ಮಾಡಿದ ಕೈ ಇದು ಅಂತ ಗೊಂಬೆ ನೋಡಿದ್ರೆ ಗೊತ್ತಾಗಲ್ವಾ?" ಎಂದು ನನ್ನನ್ನು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಲ್ಲಿದ್ದ ಹುಡುಗಿ ತಾಳ್ಮೆಯವಳು. "ತಾತ, ಕೈ ತೊಳ್ಕೊಂಡು ಬನ್ನಿ" ಎಂದಳು. ತನ್ನ ಚೀಲದಿಂದ ಕ್ರೀಮ್ ತೆಗೆದು ಹಚ್ಚಿಸಿದಳು, ಗಾಜು ಒರೆಸಿದಳು, ಒಂದೊಂದೇ ಬೆರಳನ್ನು ತಾನೇ ಮೆಲ್ಲಗೆ ಒತ್ತಿ ಹಿಡಿದಳು. ಐದನೇ ಸಲಕ್ಕೆ ಹಸಿರು ದೀಪ ಬಂತು.

ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ, 45 ದಿನದವರೆಗೂ ಎಳೆಯಬಹುದು. ಹೊಸ ವರ್ಷ ಬಂತು. ಸಂಕ್ರಾಂತಿಗೆ ಎಳ್ಳು ಬೀರುವಾಗಲೂ ನನ್ನ ಕಣ್ಣು ಫೋನಿನ ಮೇಲೆಯೇ. ವಿಮಾನ ಜನವರಿ 25ಕ್ಕೆ. 21ಕ್ಕೆ ಕೊರಿಯರ್ ಬಂತು. ಇಬ್ಬರಿಗೂ ಸಿಕ್ಕಿತ್ತು.

ಗೊಂಬೆಗಳಿಗೂ ಪಾಸ್‌ಪೋರ್ಟ್ ಉಂಟು ಎಂದರೆ ನಂಬುತ್ತೀರಾ? ಅದಕ್ಕೆ ಎಟಿಎ ಕಾರ್ನೆಟ್ ಎನ್ನುತ್ತಾರೆ, ನಮ್ಮಲ್ಲಿ ಫಿಕ್ಕಿ ಸಂಸ್ಥೆ ಕೊಡುತ್ತದೆ. ಮೇಳಕ್ಕೆ ಒಯ್ಯುವ ಮಾದರಿಗಳ ಪಟ್ಟಿ ಅದರಲ್ಲಿರುತ್ತದೆ. ಸುಂಕ ಕಟ್ಟದೆ ಒಯ್ಯಬಹುದು, ಆದರೆ ಹೋದದ್ದೆಲ್ಲ ಹಿಂದೆ ಬರಬೇಕು. ನಮ್ಮ ಪಟ್ಟಿಯಲ್ಲಿ 64 ಇದ್ದವು.

ನ್ಯೂರೆಂಬರ್ಗ್‌ನಲ್ಲಿ ಕೊರೆಯುವ ಚಳಿ. ಮೇಳದಲ್ಲಿ ಎಲ್ಲಿ ನೋಡಿದರೂ ಆಟಿಕೆ, ಪ್ರವೇಶ ಮಾತ್ರ ವ್ಯಾಪಾರದವರಿಗೆ. ಮೂರನೇ ದಿನ ಆಟಿಕೆ ಅಂಗಡಿಯ ಒಡತಿ, ವಯಸ್ಸಾದ ಹೆಂಗಸು, ಬಂದರು. ಮಾವ ಹಳದಿ ಬುಗುರಿ ತಿರುಗಿಸಿ ತೋರಿಸಿದರು. ಆಕೆ 600 ಬುಗುರಿಗೆ ಆರ್ಡರ್ ಬರೆಸಿದರು. ಹೊರಡುವಾಗ ಆ ಹಳದಿಯದನ್ನು ಮುಟ್ಟಿ, ಇದೊಂದನ್ನು ಮೊಮ್ಮಗನಿಗೆ ಈಗಲೇ ಒಯ್ಯಲೇ ಎಂದು ಕೇಳಿದರು. ಅದು ಕಾರ್ನೆಟ್ ಪಟ್ಟಿಯ 17ನೆಯದು. ಕೊಡುವಂತಿರಲಿಲ್ಲ. ಮಾವ ಆಕೆಯ ವಿಳಾಸವನ್ನು ಚೀಟಿಯಲ್ಲಿ ಬರೆಸಿಕೊಂಡು, ಮಡಚಿ ಅಂಗಿಯ ಜೇಬಿಗಿಟ್ಟರು.

ಬೆಂಗಳೂರಿನಲ್ಲಿ ಕಸ್ಟಮ್ಸ್‌ನವರು ಎಣಿಸಿದರು: 64. ಮಾರನೇ ದಿನ ನಾನು ಏಳುವ ಹೊತ್ತಿಗೆ ಕಾರ್ಖಾನೆಯಿಂದ ಲೇತಿನ ಸದ್ದು ಬರುತ್ತಿತ್ತು. ಮಾವ ಮೊದಲು ಕಡೆದದ್ದು ಆ ಹುಡುಗನ ಬುಗುರಿಯನ್ನು.